ಅಲೆ ಕುಗ್ಗದು

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮನ್ನಾಏಖೇಳ್ಳಿ ಬಂದರೆ ಬಸ್ಸು, ಲಾರಿಗಳು ಒಂದಿಷ್ಟು ಹೊತ್ತು ತಡೆಯುತ್ತವೆ. ಬೀದರ್ ಕಡೆಯ ರಸ್ತೆ ಬಂದು ಕೂಡುವ ಜಾಗ ಅದು. ಚಹಾದ ಅಂಗಡಿ, ಪಂಕ್ಚರ್ ಅಂಗಡಿ, ಊರಿಗೆ ಹೋಗುವ ಟಂಟಂಗಾಗಿ ಕಾದು ನಿಂತ ಜನ. ಈ ಕೂಟ ರಸ್ತೆಯಲ್ಲಿ ಒಂದು ತಾಸಿನಲ್ಲಿ ಎಷ್ಟು ಆಂಟೆನಾಗಳು ಹಾದುಹೋಗುತ್ತವೆ ಎಂದು ಎಣಿಸಹೊರಟರೆ ಲೆಕ್ಕ ತಪ್ಪುತ್ತದೆ. ಒಂದೊಂದು ಸ್ಮಾರ್ಟ್‌ಫೋನಿನಲ್ಲೇ ನಾಲ್ಕೈದು: ಮಾತಿಗೆ, ಇಂಟರ್ನೆಟ್ಟಿಗೆ, ವೈಫೈಗೆ, ದಾರಿ ತೋರಿಸುವ ಜಿಪಿಎಸ್‌ಗೆ. ಕಿವಿಯೊಳಗಿನ ಬ್ಲೂಟೂತ್ ಗುಂಡಿಯಲ್ಲಿ ಒಂದು. ಅಂಗಡಿ ಕಟ್ಟೆಯ ಮೇಲೆ ಕೂತು, ಇಷ್ಟು ರೂಪಾಯಿ ಬಂತು ಎಂದು ಕೂಗುವ ಡಬ್ಬಿಯಲ್ಲಿ ಇನ್ನೊಂದು. ಲಾರಿಯ ಮುಂದಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನೊಳಗೆ ಮತ್ತೊಂದು. ಇವುಗಳಲ್ಲಿ ಒಂದೂ ಕಣ್ಣಿಗೆ ಕಾಣುವುದಿಲ್ಲ.

ಆಂಟೆನಾ ಎಂದರೆ ಊರಿಗೆಲ್ಲ ಕಾಣುವ ವಸ್ತು ಎಂಬ ಕಾಲವೊಂದಿತ್ತು. ಮಾಳಿಗಿಯ ಮೇಲೆ ಬಿದಿರಿನ ಗಳಕ್ಕೆ ಕಟ್ಟಿದ ಅಲ್ಯುಮಿನಿಯಂ ಕಡ್ಡಿಗಳನ್ನು ನೋಡಿಯೇ ಯಾರ ಮನೆಯಲ್ಲಿ ಟಿವಿ ಇದೆ ಎಂದು ಹೇಳಬಹುದಿತ್ತು. ಗಾಳಿಗೆ ಅದು ತಿರುಗಿದರೆ ಒಬ್ಬ ಮೇಲೆ ಹತ್ತಬೇಕು, ಇನ್ನೊಬ್ಬ ಕೆಳಗಿನಿಂದ ‘ಬಂತು ಬಂತು, ಏ ಹೋತು’ ಎಂದು ಕೂಗಬೇಕು. ಮೊದಲ ಮೊಬೈಲ್‌ಗಳಿಗೂ ತಲೆಯ ಮೇಲೊಂದು ಮೋಟು ಕೋಡು ಇತ್ತು, ಕೆಲವಕ್ಕೆ ಎಳೆದು ಉದ್ದ ಮಾಡುವ ಕಡ್ಡಿ ಇತ್ತು. 1999ರಲ್ಲಿ ನೋಕಿಯಾ 3210 ಬಂದಾಗ ಕೋಡು ಬೆನ್ನಿನ ಮುಚ್ಚಳದೊಳಗೆ ಸೇರಿತು. 2003ರ ನೋಕಿಯಾ 1100, ಅಂದರೆ ಬ್ಯಾಟರಿ ದೀಪದ ಆ ಫೋನು, ನಮ್ಮ ಹಳ್ಳಿಗಳಿಗೆ ಬರುವ ಹೊತ್ತಿಗೆ ಆಂಟೆನಾ ಎಂಬುದೊಂದು ಇದೆ ಎಂಬುದನ್ನೇ ಜನ ಮರೆತಿದ್ದರು. ಈಗ ಮಾತು ಕಡಿದರೆ ‘ರೇಂಜ್ ಇಲ್ರಿ’, ‘ಟವರ್ ಸಿಗವಲ್ದು’ ಎನ್ನುತ್ತಾರೆ. ಗುರಿ ಯಾವಾಗಲೂ ದೂರದ ಟವರ್ ಮೇಲೆ. ಕೈಯೊಳಗಿನ ಕಡ್ಡಿಯ ಮೇಲೆ ಯಾರಿಗೂ ಅನುಮಾನವಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಇಷ್ಟೇ. ದೊಡ್ಡದಾಗಿದ್ದದ್ದು ಸಣ್ಣದಾಯಿತು, ಒಪ್ಪಿದೆ. ಆ ದೊಡ್ಡತನ ಎಲ್ಲಿಗೆ ಹೋಯಿತು?

ಏಕೆಂದರೆ ಅಲೆ ಸಣ್ಣದಾಗಿಲ್ಲ. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆ ವೇಗವನ್ನು ಅದು ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. ಕಲಬುರಗಿ ಆಕಾಶವಾಣಿಯ ಮಧ್ಯಮ ತರಂಗ 1107 ಕಿಲೋಹರ್ಟ್ಸ್. ಅದರ ಒಂದು ಅಲೆ ಸುಮಾರು 271 ಮೀಟರ್ ಉದ್ದ. ಮೊಬೈಲಿನ 900 ಮೆಗಾಹರ್ಟ್ಸ್ ಅಲೆ 33 ಸೆಂ.ಮೀ., ವೈಫೈ-ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ಅಲೆ 12.5 ಸೆಂ.ಮೀ. ಈ ಅಂಕಿಗಳು ಕಂಪನಿಯ ಮಾತು ಕೇಳುವುದಿಲ್ಲ, ಸರ್ಕಾರದ ಮಾತೂ ಕೇಳುವುದಿಲ್ಲ. ಆಂಟೆನಾ ಸಹಜವಾಗಿ ಮಿಡಿಯಬೇಕಾದರೆ ಅದರ ಉದ್ದ ಅಲೆಯ ಅರ್ಧವೋ ಕಾಲುಭಾಗವೋ ಇರಬೇಕು. 900 ಮೆಗಾಹರ್ಟ್ಸ್‌ಗೆ ಕಾಲುಭಾಗ ಎಂದರೂ 8 ಸೆಂ.ಮೀ. ದಾಟುತ್ತದೆ. ಬ್ಯಾಟರಿ, ಕ್ಯಾಮೆರಾ, ಪರದೆ, ಸಿಮ್ ಎಲ್ಲ ಜಾಗ ಹಿಡಿದ ಮೇಲೆ ಆಂಟೆನಾಕ್ಕೆ ಉಳಿಯುವುದು ಅಂಚಿನ ಒಂದು ಸಂದು. ಸಂದಿನೊಳಗೆ ಅಲೆಯನ್ನು ಹೇಗೆ ಕೂರಿಸುವುದು ಎಂಬುದೇ ಈ ವಿದ್ಯೆ.

ಈ ವಿದ್ಯೆ ನಮ್ಮ ಸೀಮೆಗೆ ಹೊರಗಿನದಲ್ಲ. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ವರ್ಷಗಳಿಂದ ನಡೆದುಬಂದ ಮುಖ್ಯ ಕೆಲಸವೇ ಮೈಕ್ರೋಸ್ಟ್ರಿಪ್ ಆಂಟೆನಾ. ಪಿ.ವಿ. ಹುನಗುಂದ, ಪಿ.ಎಂ. ಹಡಲಗಿ, ಎಸ್.ಎನ್. ಮುಲಗಿ ಅವರ ಹೆಸರು ಹೊತ್ತ ಸಂಶೋಧನಾ ಲೇಖನಗಳು ಬಹಳ ಇವೆ. ಎರಡೂ ಮುಖಕ್ಕೆ ತಾಮ್ರ ಹೊದಿಸಿದ ಗ್ಲಾಸ್ ಎಪಾಕ್ಸಿ ಹಲಗೆ ತೆಗೆದುಕೊಳ್ಳುತ್ತಾರೆ. ಒಂದು ಮುಖದ ತಾಮ್ರವನ್ನು ಹಾಗೆಯೇ ಬಿಡುತ್ತಾರೆ, ಅದು ನೆಲ. ಇನ್ನೊಂದು ಮುಖದಲ್ಲಿ ಬೇಕಾದ ಆಕಾರವಷ್ಟನ್ನೇ ಉಳಿಸಿ ಮಿಕ್ಕ ತಾಮ್ರವನ್ನು ರಾಸಾಯನಿಕದಿಂದ ಕರಗಿಸುತ್ತಾರೆ. ಉಳಿದ ಆ ತೇಪೆಯೇ ಆಂಟೆನಾ. 1953ರಲ್ಲಿ ದೆಶಾಂ ಎಂಬಾತ ಮುಂದಿಟ್ಟ ಕಲ್ಪನೆ ಇದು. ಎಪ್ಪತ್ತರ ದಶಕದಲ್ಲಿ ಕೈಗೆ ಬಂತು.

ಇದರಲ್ಲಿ ಸಣ್ಣದು ಮಾಡುವ ದಾರಿ ಮುಖ್ಯವಾಗಿ ಎರಡು. ಮೊದಲನೆಯದು ಹಲಗೆಯದೇ ಕೃಪೆ. ಗಾಳಿಯಲ್ಲಿ ಓಡುವ ವೇಗದಲ್ಲಿ ಅಲೆ ಗ್ಲಾಸ್ ಎಪಾಕ್ಸಿಯೊಳಗೆ ಓಡಲಾರದು, ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 2.4 ಗಿಗಾಹರ್ಟ್ಸ್‌ಗೆ 6 ಸೆಂ.ಮೀ. ಬೇಕಿದ್ದ ತೇಪೆ 3 ಸೆಂ.ಮೀ.ಗೆ ಮುಗಿಯುತ್ತದೆ. ಜಿಪಿಎಸ್ ಯಂತ್ರಗಳಲ್ಲಿ ಇನ್ನೂ ಗಟ್ಟಿ ಪಿಂಗಾಣಿ ಬಳಸಿ 19 ಸೆಂ.ಮೀ. ಅಲೆಯನ್ನು ಎರಡೂವರೆ ಸೆಂ.ಮೀ. ಚೌಕದ ಬಿಲ್ಲೆಯಲ್ಲಿ ಹಿಡಿಯುತ್ತಾರೆ. ಎರಡನೆಯದು ತೇಪೆಯಲ್ಲಿ ಸೀಳು ಕೊರೆಯುವುದು. ನಡುವೆ ಒಂದು ಸೀಳು ಬಂದರೆ ವಿದ್ಯುತ್ತು ನೇರ ಹೋಗಲಾರದೆ ಅದನ್ನು ಸುತ್ತಿ ಹೋಗಬೇಕು. ಬೆಳೆ ನಿಂತ ಹೊಲವನ್ನು ತುಳಿಯದೆ ಬದುವಿನ ಮೇಲೆ ಸುತ್ತಿ ಹೋಗುವವನಿಗೆ ಅದೇ ಹೊಲ ದೊಡ್ಡದಾಗುತ್ತದಲ್ಲ, ಹಾಗೆ. ಹೊಲದ ಅಳತೆ ಬದಲಾಗಿಲ್ಲ, ನಡೆದ ದಾರಿ ಬದಲಾಗಿದೆ. ಸೀಳು ಕೊರೆದ ತೇಪೆ ತನ್ನ ಅಳತೆಗಿಂತ ಉದ್ದದ ಅಲೆಗೆ ಮಿಡಿಯತೊಡಗುತ್ತದೆ. ಇದಕ್ಕೆ ಕಲಬುರಗಿಯ ಆ ಸಂಶೋಧಕರು ‘ವರ್ಚುವಲ್ ಸೈಜ್ ರಿಡಕ್ಷನ್’ ಎನ್ನುತ್ತಾರೆ.

ಇದೇ ದಾರಿಯಲ್ಲಿ ಇನ್ನೂ ದೂರ ಹೋದವರಿದ್ದಾರೆ. ಒಂದೇ ಗೆರೆಯನ್ನು ಮಡಿಸುತ್ತ, ಮಡಿಕೆಯೊಳಗೆ ಮತ್ತೆ ಮಡಿಕೆ ಮಾಡುತ್ತ ಚೌಕವೊಂದನ್ನೆಲ್ಲ ತುಂಬಿಬಿಡುವ ಹಿಲ್ಬರ್ಟ್ ವಕ್ರರೇಖೆಯನ್ನು ಆಂಟೆನಾ ಮಾಡಿ ನೋಡಿದವರಲ್ಲಿ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಕೆ.ಜೆ. ವಿನೋಯ್ ಒಬ್ಬರು. ಬಾಸ್ಟನ್ನಿನ ನೇಥನ್ ಕೋಹೆನ್ ಕತೆ ಇನ್ನೂ ಸೊಗಸು. ಮನೆಯ ಹೊರಗೆ ಆಂಟೆನಾ ಕಟ್ಟಬಾರದು ಎಂದು ಮಾಲೀಕ ತಾಕೀತು ಮಾಡಿದ್ದಕ್ಕೆ, 1988ರ ಸುಮಾರಿಗೆ ಅವರು ಕಡ್ಡಿಯನ್ನು ಇಂಥದೇ ಮಡಿಕೆಯೊಳಗೆ ಮಡಿಕೆಯ, ಅಂದರೆ ಫ್ರ್ಯಾಕ್ಟಲ್, ಆಕಾರಕ್ಕೆ ಬಗ್ಗಿಸಿ ಸಣ್ಣ ಜಾಗದಲ್ಲಿ ಕೂರಿಸಿದರಂತೆ. ಬಾಡಿಗೆ ಮನೆಯವರ ಕಷ್ಟದಿಂದ ವಿಜ್ಞಾನಕ್ಕೂ ಒಮ್ಮೊಮ್ಮೆ ಲಾಭ ಉಂಟು.

ಇಲ್ಲಿಯವರೆಗೆ ಕೇಳಿದರೆ ಜಾಣತನವೊಂದಿದ್ದರೆ ಸಾಕು, ಎಷ್ಟು ಬೇಕಾದರೂ ಸಣ್ಣದು ಮಾಡಬಹುದು ಅನ್ನಿಸುತ್ತದೆ. ಹಾಗಿಲ್ಲ ಎಂಬುದನ್ನು 1947ರಲ್ಲಿ ಹೆರಾಲ್ಡ್ ವೀಲರ್, 1948ರಲ್ಲಿ ಎಲ್.ಜೆ. ಚು ತೋರಿಸಿಕೊಟ್ಟರು. ಅವರ ಗಣಿತದ ಹಿಂದಿನ ಚಿತ್ರ ನನಗೆ ಗಣಿತಕ್ಕಿಂತ ಹೆಚ್ಚು ಹಿಡಿಸಿದೆ. ಪ್ರತಿ ಆಂಟೆನಾದ ಸುತ್ತ ಒಂದು ಕಾಣದ ಗೋಲವಿದೆ. ಅದರ ತ್ರಿಜ್ಯ ಅಲೆಯ ಉದ್ದದ ಆರನೆಯ ಒಂದು ಭಾಗಕ್ಕೆ ಹತ್ತಿರ. 900 ಮೆಗಾಹರ್ಟ್ಸ್‌ಗೆ ಸುಮಾರು 5.3 ಸೆಂ.ಮೀ. ಆ ಗೋಲದೊಳಗೆ ಹೊರಬಿದ್ದ ಶಕ್ತಿಯ ಹೆಚ್ಚಿನ ಪಾಲು ಹೊರಟುಹೋಗುವುದಿಲ್ಲ. ಹೋಗುತ್ತದೆ, ಮತ್ತೆ ಆಂಟೆನಾಕ್ಕೇ ಮರಳುತ್ತದೆ, ಮತ್ತೆ ಹೋಗುತ್ತದೆ. ಗೋಲ ದಾಟಿದ ಮೇಲಿನ ಶಕ್ತಿ ಬಿಡುಗಡೆಯಾದ ಶಕ್ತಿ. ಅದು ತಿರುಗಿ ಬರುವುದಿಲ್ಲ, ದೂರದ ಯಾರಿಗೋ ಸೇರುತ್ತದೆ. ಆಂಟೆನಾ ಗೋಲದಷ್ಟೇ ದೊಡ್ಡದಿದ್ದರೆ ಬಿಡುಗಡೆ ಸುಲಭ. ಅದು ಗೋಲಕ್ಕಿಂತ ತೀರ ಸಣ್ಣದಾದಷ್ಟೂ ಈ ಹೋಗಿಬರುವ ಶಕ್ತಿಯೇ ಹೆಚ್ಚು, ಹೊರಡುವುದು ಕಡಿಮೆ. ತನ್ನ ಸುತ್ತಲೇ ಸುತ್ತುವ ಶಕ್ತಿ ಹೆಚ್ಚಿದ ಆಂಟೆನಾ ಹಟಮಾರಿಯಾಗುತ್ತದೆ. ಒಂದೇ ಒಂದು ಕಂಪನಾಂಕಕ್ಕೆ ಓಗೊಡುತ್ತದೆ, ಅತ್ತಿತ್ತ ಸರಿದರೆ ಕಿವುಡು.

ಲೆಕ್ಕವೂ ಕರುಣೆಯಿಲ್ಲದ್ದು. ಸಣ್ಣ ಆಂಟೆನಾದ ಅಳತೆಯನ್ನು ಅರ್ಧ ಮಾಡಿದರೆ ಅದು ಹಿಡಿಯಬಲ್ಲ ಕಂಪನಾಂಕಗಳ ಹರವು ಅರ್ಧಕ್ಕೆ ನಿಲ್ಲದೆ ಎಂಟನೆಯ ಒಂದಕ್ಕೆ ಇಳಿಯುತ್ತದೆ. ಹರವು ಬೇಕೇ ಬೇಕು ಎಂದು ಹಟ ಹಿಡಿದರೆ ಶಕ್ತಿಯ ಒಂದು ಪಾಲನ್ನು ಸುಟ್ಟು ಬಿಸಿ ಮಾಡಬೇಕು. ಗಾತ್ರ, ಹರವು, ದಕ್ಷತೆ ಮೂರನ್ನೂ ಒಟ್ಟಿಗೆ ಕೇಳುವಂತಿಲ್ಲ. ಸೀಳು, ಮಡಿಕೆ, ಫ್ರ್ಯಾಕ್ಟಲ್ ಎಲ್ಲವೂ ಈ ಮಿತಿಯ ಹತ್ತಿರ ಹೋಗಲು ನೆರವಾಗುತ್ತವೆ, ದಾಟಲು ಯಾವುದೂ ಬಿಟ್ಟಿಲ್ಲ. ನಡುನಡುವೆ ದಾಟಿದೆವು ಎಂದು ಸಾರುವವರು ಹುಟ್ಟಿಕೊಳ್ಳುತ್ತಾರೆ. ಅಳತೆ ಮಾಡುವಾಗ ಕೇಬಲ್ಲೇ ಆಂಟೆನಾ ಆಗಿ ಅಲೆ ಬೀರುತ್ತಿತ್ತು ಎಂಬಂಥದ್ದೇನೋ ಆಮೇಲೆ ಬಯಲಿಗೆ ಬರುತ್ತದೆ.

ಹಾಗಿದ್ದರೆ ಟ್ರಾನ್ಸಿಸ್ಟರ್ ರೇಡಿಯೊ ಹೇಗೆ ನಡೆಯಿತು ಎಂದು ಕೇಳಬಹುದು. ಕೇಳಲೇಬೇಕು. ಹೊಲದಲ್ಲಿ ಬೇವಿನ ಕೊಂಬೆಗೆ ನೇತುಹಾಕಿದ ರೇಡಿಯೊದೊಳಗೆ ಇದ್ದದ್ದು ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿ, ಅದರ ಮೇಲೊಂದಿಷ್ಟು ತಂತಿಯ ಸುತ್ತು. ಅದು ಹಿಡಿಯುತ್ತಿದ್ದದ್ದು 271 ಮೀಟರ್ ಅಲೆಯನ್ನು. ದಕ್ಷತೆ ಎಂದು ಲೆಕ್ಕ ಹಾಕಿದರೆ ನಗು ಬರುವಷ್ಟು ಕಡಿಮೆ. ಆದರೂ ಕಲಬುರಗಿಯ ಕೃಷಿರಂಗ ಸ್ಪಷ್ಟವಾಗಿ ಕೇಳುತ್ತಿತ್ತು. ಕಾರಣ ಆಕಾಶದಲ್ಲಿದೆ. ಮಧ್ಯಮ ತರಂಗದಲ್ಲಿ ಮಿಂಚು, ಸಿಡಿಲು, ಮೋಟಾರುಗಳ ಗದ್ದಲ ಯಾವಾಗಲೂ ತುಂಬಿರುತ್ತದೆ. ಕೆಟ್ಟ ಆಂಟೆನಾ ಮಾತನ್ನು ಕುಗ್ಗಿಸುವಷ್ಟೇ ಗದ್ದಲವನ್ನೂ ಕುಗ್ಗಿಸುತ್ತದೆ. ಎರಡರ ನಡುವಿನ ಅನುಪಾತ ಕೆಡುವುದಿಲ್ಲ, ಆಮೇಲೆ ಒಳಗೆ ಎಷ್ಟು ಬೇಕಾದರೂ ಹಿಗ್ಗಿಸಿಕೊಳ್ಳಬಹುದು. ಕೇಳುವವನ ಸೌಭಾಗ್ಯ ಅದು. ಹೇಳುವವನಿಗೆ ಆ ರಿಯಾಯಿತಿ ಇಲ್ಲ. ಅದೇ ಅಲೆಯನ್ನು ಬೀರುವ ಕೇಂದ್ರ ಮುಗಿಲಿಗೆ ಮುಖ ಮಾಡಿದ ಕಂಬ ನೆಡಬೇಕು, ಕಿಲೋವ್ಯಾಟುಗಟ್ಟಲೆ ವಿದ್ಯುತ್ತು ಸುರಿಯಬೇಕು.

ಇಲ್ಲಿ ನನ್ನ ಪ್ರಶ್ನೆಗೆ ಉತ್ತರದ ಒಂದು ತುದಿ ಸಿಕ್ಕಿತು. ಕೇಳುವವನ ಕಡ್ಡಿ ಬೆರಳಷ್ಟಾದದ್ದು ಹೇಳುವವನ ಕಂಬ ಎತ್ತರವಾಗಿದ್ದುದರಿಂದ. ಇನ್ನೊಂದು ತುದಿ ಹಿಡಿಯಲು 1975ಕ್ಕೆ ಹೋಗಬೇಕು.

ಆ ವರ್ಷದ ಆಗಸ್ಟ್ 1ರಿಂದ ಮರುವರ್ಷದ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ಕಡೆಯ ಜಿಲ್ಲೆಗಳನ್ನೇ: ಗುಲಬರ್ಗಾ, ರಾಯಚೂರು, ಬಿಜಾಪುರ. ಬೀದರ್ ಪಟ್ಟಿಯಲ್ಲಿರಲಿಲ್ಲ, ಗಡಿಯಾಚೆ ನಿಂತು ನೋಡಿದ ನೆರೆಮನೆ ನಾವು. ಉಪಗ್ರಹ ಬಿಚ್ಚಿಕೊಂಡ ಛತ್ರಿ 9 ಮೀಟರ್ ಅಗಲದ್ದು. ಹಳ್ಳಿಯಲ್ಲಿ ಕೂರಿಸಿದ್ದು ಕೋಳಿಗೂಡಿನ ಜಾಲರಿಯಿಂದ ಮಾಡಿದ 3 ಮೀಟರ್ ಅಗಲದ ತಟ್ಟೆ. ಕಂಪನಾಂಕ 860 ಮೆಗಾಹರ್ಟ್ಸ್. ಅಲೆಯ ಉದ್ದ ಸುಮಾರು 35 ಸೆಂ.ಮೀ.

ಈಗ ಮನ್ನಾಏಖೇಳ್ಳಿಯ ರಸ್ತೆಯಲ್ಲಿ ನಿಂತ ಲಾರಿಯ ಗಾಜನ್ನು ನೋಡಿ. 2021ರ ಫೆಬ್ರುವರಿ 15ರ ನಡುರಾತ್ರಿಯಿಂದ ದೇಶದ ಹೆದ್ದಾರಿ ಟೋಲ್‌ಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಕೆಲಸ ಮಾಡುವುದು 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಸೈಟ್‌ನ ಅಲೆಗೂ ಇದರ ಅಲೆಗೂ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಅವತ್ತು ಅದಕ್ಕೆ 3 ಮೀಟರ್ ತಟ್ಟೆ ಬೇಕಿತ್ತು, ಇವತ್ತು ಅಂಗೈಯಷ್ಟು ಚೀಟಿ ಸಾಕು. ಐವತ್ತು ವರ್ಷದಲ್ಲಿ ತಂತ್ರಜ್ಞಾನ ಎಷ್ಟು ಮುಂದೆ ಬಂತು ಎಂದು ಬೆರಗಾಗುವುದಕ್ಕೆ ಮುಂಚೆ ಒಂದು ಸಂಗತಿ ಗಮನಿಸಬೇಕು. ಉಪಗ್ರಹ ಇದ್ದದ್ದು 36,000 ಕಿ.ಮೀ. ಮೇಲೆ. ಟೋಲ್‌ನ ಓದುಗ ಯಂತ್ರ ಇರುವುದು ಲಾರಿಯಿಂದ ಕೆಲವೇ ಮೀಟರ್ ದೂರದಲ್ಲಿ. ಅಂದು ಇಳಿಯಬೇಕಿದ್ದದ್ದು ಓಡಾಡುವ ಚಿತ್ರ. ಇಂದು ಹೋಗಬೇಕಾದದ್ದು ಕೆಲವು ಅಂಕಿಗಳು. ಆಂಟೆನಾ ಸಣ್ಣದಾದದ್ದಕ್ಕೆ ಜಾಣ ಮಡಿಕೆಗಳಿಗಿಂತ ದೊಡ್ಡ ಕಾರಣ ಎದುರಿನವನು ಹತ್ತಿರ ಬಂದದ್ದು, ಮಾತು ಗಿಡ್ಡವಾದದ್ದು.

ಫಾಸ್ಟ್ಯಾಗ್ ಬಗ್ಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು, ಅಷ್ಟು ವಿಚಿತ್ರವಾದ ವಸ್ತು ಅದು. ಅದರಲ್ಲಿ ಬ್ಯಾಟರಿ ಇಲ್ಲ. ಎರೆಹುಳದಂತೆ ಡೊಂಕುಡೊಂಕಾಗಿ ಹರಿದ ಲೋಹದ ಗೆರೆ, ನಡುವೆ ಸಾಸಿವೆಗಿಂತ ಸಣ್ಣ ಚಿಪ್ಪು. ಟೋಲ್‌ನ ಯಂತ್ರ ಬೀರಿದ ಅಲೆಯಿಂದ ವ್ಯಾಟಿನ ಲಕ್ಷದಲ್ಲೊಂದು ಭಾಗದಷ್ಟು ಶಕ್ತಿ ಕುಡಿದು ಚಿಪ್ಪು ಎಚ್ಚರಗೊಳ್ಳುತ್ತದೆ. ಉತ್ತರ ಹೇಳಲು ಅದರ ಬಳಿ ಸ್ವಂತ ದನಿ ಇಲ್ಲ. ತನ್ನ ಮೇಲೆ ಬಿದ್ದ ಅಲೆಯನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಹಿಂದಕ್ಕೆ ಹಾಯಿಸುತ್ತದೆ, ಅಷ್ಟೇ. ಆ ಏರಿಳಿತವನ್ನು ಯಂತ್ರ ಅಂಕಿಯಾಗಿ ಓದಿಕೊಳ್ಳುತ್ತದೆ. ತನ್ನದೇನನ್ನೂ ಸೇರಿಸದೆ, ಬಂದದ್ದನ್ನೇ ತಿರುಗಿಸಿ ಕೊಟ್ಟು, ತಾನು ಯಾರೆಂದು ಹೇಳಿಬಿಡುತ್ತದೆ. ಇದಕ್ಕಿಂತ ಕಿರಿದಾಗುವುದು ಹೇಗೆ ಎಂದು ನನಗೆ ತೋಚುವುದಿಲ್ಲ. ಆದರೆ ಈ ಕಿರಿತನದ ಖರ್ಚು ಪೂರ್ತಿ ಟೋಲ್‌ನವರ ಚಾವಣಿಗೆ ನೇತುಹಾಕಿದ ಆ ಚೌಕ ಡಬ್ಬಿಯ ಲೆಕ್ಕಕ್ಕೆ ಬರೆಯಲ್ಪಟ್ಟಿದೆ. ಅದು ಶಕ್ತಿ ಕೊಡಬೇಕು, ಕಿವಿಯೂ ಚುರುಕಾಗಿರಬೇಕು.

ಬಾಹ್ಯಾಕಾಶದಲ್ಲೂ ಇದೇ ಪದ್ಧತಿ. ಚಂದ್ರನತ್ತ ಹೋಗುವ ನೌಕೆ ಭಾರವಾದ ತಟ್ಟೆ ಹೊರಲಾರದು. ಹಾಗಾಗಿ 2008ರ ಚಂದ್ರಯಾನದ ಹೊತ್ತಿಗೆ ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ತಟ್ಟೆ ಎದ್ದು ನಿಂತಿತು. ಹೋಗುವವನದು ಹಗುರ ಗಂಟು, ಇರುವವನದು ದೊಡ್ಡ ಮನೆ.

ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಈ ಮಾತು ಕೇಳುತ್ತಲೇ ಕಲ್ಯಾಣ ನೆನಪಾಗದೆ ಇರದು. ಬಸವಕಲ್ಯಾಣ ಇದೇ ಹೆದ್ದಾರಿಯ ದಿಕ್ಕಿನಲ್ಲಿ, ಹುಮನಾಬಾದ್ ದಾಟಿದ ಮೇಲೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿನ ಶರಣರು ಮಾಡಿದ್ದೂ ಒಂದು ಬಗೆಯಲ್ಲಿ ಇದನ್ನೇ. ಗುಡಿಯೊಳಗೆ ನೆಟ್ಟ ದೇವರನ್ನು ಅಂಗೈಗೆ ತಂದರು. ಜಗತ್ತನ್ನೆಲ್ಲ ತುಂಬಿದ್ದು ಎಂದು ತಾವೇ ಹೇಳುತ್ತಿದ್ದುದನ್ನು ಕೊರಳಿಗೆ ಕಟ್ಟಿಕೊಂಡು ಹೊಲಕ್ಕೆ, ಮಗ್ಗಕ್ಕೆ, ದೋಣಿಗೆ ಹೋದರು. ಮೊಬೈಲ್ ಕೈಲಿ ಹಿಡಿದವನನ್ನು ನೋಡಿ ಈ ಹೋಲಿಕೆ ಕೊಡುವುದು ಸುಲಭ, ಭಾಷಣಗಳಲ್ಲಿ ಕೇಳಿಯೂ ಇದ್ದೇನೆ. ಸುಲಭ ಎಂಬ ಕಾರಣಕ್ಕೇ ಅದನ್ನು ಸ್ವಲ್ಪ ತಿಕ್ಕಿ ನೋಡಬೇಕು.

ಹುಮನಾಬಾದ್ ಪಕ್ಕದ ಜಲಸಂಗವಿಯ ಚಾಲುಕ್ಯ ಗುಡಿಯನ್ನು ನೋಡಿದವರಿಗೆ ಒಂದು ದೇವಾಲಯ ನಿಲ್ಲಲು ಏನೇನು ಬೇಕಿತ್ತು ಎಂಬ ಅಂದಾಜು ಸಿಗುತ್ತದೆ. ಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಬರೆದದ್ದು ದೊರೆ ವಿಕ್ರಮಾದಿತ್ಯನ ಹೊಗಳಿಕೆ. ಕಲ್ಲು, ಶಿಲ್ಪಿ, ದತ್ತಿಯ ಭೂಮಿ, ಪೂಜಾರಿ, ಅರಸು, ಇಷ್ಟೂ ಇದ್ದರೆ ಗುಡಿ. ಶರಣರು ಲಿಂಗವನ್ನು ಕೈಗೆ ತಂದಾಗ ಈ ಹೊರೆಯೆಲ್ಲ ಎಲ್ಲಿಗೆ ಹೋಯಿತು? ಹೊತ್ತವನ ಮೇಲೇ ಬಂತು. ಪೂಜೆ ಅವನದೇ, ಕಾಯಕ ಅವನದೇ, ದಾಸೋಹ ಅವನದೇ. ನಡುವೆ ನಿಂತು ನಡೆಸಿಕೊಡುವವರು ಯಾರೂ ಇಲ್ಲ. ಚಿಕ್ಕದಾದ ಆ ಕುರುಹು ಹೊತ್ತವನನ್ನು ಸ್ಥಾವರದ ಹಂಗಿನಿಂದ ಬಿಡಿಸಿತು, ಬದಲಿಗೆ ಅವನ ಬದುಕನ್ನು ಪೂರ್ತಿ ಕೇಳಿತು.

ಫೋನಿನಲ್ಲಿ ಹೊರೆ ಸರಿದದ್ದು ಇದಕ್ಕೆ ತೀರ ವಿರುದ್ಧ ದಿಕ್ಕಿಗೆ. ಹೊತ್ತವನಿಗೆ ಇಲ್ಲಿ ಏನೂ ಭಾರವಿಲ್ಲ, ಏನೂ ತಿಳಿದಿರಬೇಕಾಗಿಲ್ಲ. ಅವನ ಜೇಬು ಹಗುರವಾದಷ್ಟೂ ನೆಲದಲ್ಲಿ ನೆಟ್ಟದ್ದು ಹೆಚ್ಚಾಗಿದೆ: ಟವರ್, ಅದರ ಬುಡದ ಬ್ಯಾಟರಿ ಸಾಲು, ಕರೆಂಟು ಹೋದಾಗ ಗುಡುಗುವ ಡೀಸೆಲ್ ಜನರೇಟರ್, ರಸ್ತೆಬದಿ ಅಗೆದು ಹೂತ ಆಪ್ಟಿಕಲ್ ಫೈಬರ್. 4ಜಿ ಫೋನು ಹೆಚ್ಚೆಂದರೆ ವ್ಯಾಟಿನ ಐದನೆಯ ಒಂದು ಭಾಗ ಬೀರುತ್ತದೆ. ಆ ಪಿಸುಮಾತನ್ನು ಕೇಳಿಸಿಕೊಳ್ಳಲು ಟವರ್ ಮೇಲೆ ಆಳೆತ್ತರದ ಬಿಳಿ ಹಲಗೆಗಳು ಬೇಕು. ಒಂದೊಂದರೊಳಗೂ ಸಾಲಾಗಿ ಪೇರಿಸಿದ ಪುಟ್ಟ ಆಂಟೆನಾಗಳು. ಮರಳಿ ಮಾತಾಡಲು ಹತ್ತಾರು ವ್ಯಾಟು ಬೇಕು. ಜಂಗಮ ಎಂದು ನಾವು ತಿಳಿದದ್ದು ಇಷ್ಟು ಸ್ಥಾವರವನ್ನು ನೆಚ್ಚಿ ನಿಂತಿದೆ.  

ಹೊರೆ ದಾಟಿಸುವ ಈ ಕೆಲಸ ಫೋನಿನ ಒಳಗೂ ನಡೆದಿದೆ. ಮೂಲೆಯ ಆ ಸಣ್ಣ ಲೋಹದ ತುಂಡೇ ಆಂಟೆನಾ ಎಂದು ನಾವು ಬಗೆಯುತ್ತೇವೆ. 900 ಮೆಗಾಹರ್ಟ್ಸ್‌ನಂಥ ಉದ್ದ ಅಲೆಗಳಲ್ಲಿ ಹೊರಹೋಗುವ ಶಕ್ತಿಯ ಬಹುಪಾಲನ್ನು ಬೀರುವುದು ಫೋನಿನ ಇಡೀ ಮೈ, ಅಂದರೆ ಒಳಗಿನ ಸರ್ಕಿಟ್ ಹಲಗೆ ಮತ್ತು ಲೋಹದ ಚೌಕಟ್ಟು, ಎಂಬುದನ್ನು 2002ರಲ್ಲಿ ಹೆಲ್ಸಿಂಕಿಯ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಮೂಲೆಯ ತುಂಡು ಮೈಗೆ ಚಾಲನೆ ಕೊಡುವ ನೆಪ ಮಾತ್ರ. ಮೈಯೆಂದ ಮೇಲೆ ಅದನ್ನು ಹಿಡಿದ ಕೈ ಹೊರಗುಳಿಯಲು ಸಾಧ್ಯವೇ? ನಮ್ಮ ದೇಹ ಹೆಚ್ಚಾಗಿ ಉಪ್ಪುನೀರು. ಅಲೆಯನ್ನು ಹೀರುತ್ತದೆ, ಆಂಟೆನಾದ ಶ್ರುತಿಯನ್ನೂ ಕೆಡಿಸುತ್ತದೆ. 2010ರಲ್ಲಿ ಐಫೋನ್ 4 ಬಂದಾಗ ಲೋಕಕ್ಕೆಲ್ಲ ಇದು ತಿಳಿಯಿತು. ಹೊರ ಚೌಕಟ್ಟನ್ನೇ ಆಂಟೆನಾ ಮಾಡಿದ್ದರು. ಎಡಗೈಯಲ್ಲಿ ಹಿಡಿದು ಕೆಳಮೂಲೆಯ ಸಂದನ್ನು ಮುಚ್ಚಿದರೆ ಸಿಗ್ನಲ್ ಕುಸಿಯುತ್ತಿತ್ತು. ಕಡೆಗೆ ಆ್ಯಪಲ್ ಪುಕ್ಕಟೆ ಕವಚ ಹಂಚಿತು. ಬಳಸುವವನ ಕೈಯೂ ವಿನ್ಯಾಸದ ಭಾಗ ಎಂಬುದನ್ನು ಮರೆತರೆ ಎಂಥ ಕಂಪನಿಯೂ ಎಡವುತ್ತದೆ.

ಟವರ್ ಬೇಕು, ನಮ್ಮ ಓಣಿಯಲ್ಲಿ ಬೇಡ ಎಂಬ ಜಗಳ ನಮ್ಮ ಊರುಗಳಲ್ಲಿ ಹೊಸದಲ್ಲ. ವಿಕಿರಣದ ಭಯವನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಟವರ್‌ಗಳ ವಿಕಿರಣ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗ ಮೀರುವಂತಿಲ್ಲ. ಫೋನು ತಲೆಗೆ ಉಣಿಸುವ ಶಕ್ತಿ ಕಿಲೋಗ್ರಾಮಿಗೆ 1.6 ವ್ಯಾಟ್ ಮೀರುವಂತಿಲ್ಲ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಆದರೆ ಓಣಿಯಿಂದ ಟವರನ್ನು ಓಡಿಸಿದವರು ಒಂದು ಸಂಗತಿ ಕಾಣಬೇಕು. ಟವರ್ ದೂರ ಹೋದಷ್ಟೂ ಫೋನು ಗಟ್ಟಿಯಾಗಿ ಕೂಗುತ್ತದೆ, ಹಾಗೆ ಕೂಗುವಂತೆಯೇ ಅದನ್ನು ಕಟ್ಟಿರುತ್ತಾರೆ. ಕೂಗುವುದು ನಮ್ಮ ಕಿವಿಗೆ ಅಂಟಿಕೊಂಡು. ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುವುದೂ ಇದರಿಂದಲೇ. ಮಾಳಿಗಿ ಹತ್ತಿದರೆ ಮಾತ್ರ ರೇಂಜ್ ಸಿಗುವ ತಾಂಡಾದ ಹೆಣ್ಣುಮಗಳಿಗೆ ಕಂಪನಿ ಉಳಿಸಿದ ಟವರ್‌ನ ಖರ್ಚು ಅವಳ ಕಾಲಿನ, ಅವಳ ಹೊತ್ತಿನ ಖರ್ಚಾಗಿ ಬರುತ್ತದೆ. ದೊಡ್ಡತನ ಹೊರುವವರು ಯಾರೂ ಇಲ್ಲದ ಕಡೆ ಸಣ್ಣ ಆಂಟೆನಾದ ಬಾಕಿ ಹೀಗೆ ಬಡವರ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಇದನ್ನೆಲ್ಲ ಆಂಟೆನಾ ಮಾಡುವವರ ಕಡೆಯಿಂದ ನೋಡಿದರೆ ಒಂದು ತಕರಾರು ನನ್ನಲ್ಲಿ ಉಳಿಯುತ್ತದೆ. ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಬರೆಯುವ ಸಣ್ಣ ಆಂಟೆನಾ ಲೇಖನಗಳಲ್ಲಿ ಒಂದು ಗ್ರಾಫ್ ತಪ್ಪದೆ ಇರುತ್ತದೆ: ರಿಟರ್ನ್ ಲಾಸ್. ಆಂಟೆನಾಕ್ಕೆ ಕಳಿಸಿದ ಶಕ್ತಿಯಲ್ಲಿ ಎಷ್ಟು ತಿರುಗಿ ಬಂತು ಎಂಬ ಅಳತೆ ಅದು. ಗೆರೆ ಮೈನಸ್ 10 ಡೆಸಿಬೆಲ್‌ಗಿಂತ ಕೆಳಗಿಳಿದರೆ, ಅಂದರೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಮರಳಿದರೆ, ಆಂಟೆನಾ ಗೆದ್ದಂತೆ ಎಂದು ಬರೆಯುವುದು ರೂಢಿ. ಮರಳಿ ಬರಲಿಲ್ಲ ಎಂದ ಮಾತ್ರಕ್ಕೆ ಅದು ಗೋಲ ದಾಟಿ ಹೊರಟಿತು ಎಂದು ಹೇಗೆ ನಂಬುವುದು? ಕೇಬಲ್ಲಿನ ತುದಿಗೆ 50 ಓಮ್‌ನ ಒಂದು ರೆಸಿಸ್ಟರ್ ಸಿಕ್ಕಿಸಿದರೆ ಅದಕ್ಕಿಂತ ಸೊಗಸಾದ ಗ್ರಾಫ್ ಬರುತ್ತದೆ, ಒಂದು ಅಲೆಯೂ ಹೊರಗೆ ಹೋಗಿರುವುದಿಲ್ಲ. ಎಲ್ಲ ಬಿಸಿಯಾಗಿ ಒಳಗೇ ಸುಟ್ಟಿರುತ್ತದೆ. ಅಗ್ಗದ ಗ್ಲಾಸ್ ಎಪಾಕ್ಸಿ ಹಲಗೆಯ ಮೇಲೆ ಮಾಡಿದ ಸಣ್ಣ ತೇಪೆಗಳಲ್ಲಿ ಅರ್ಧದಷ್ಟು ಶಕ್ತಿ ಹಲಗೆಗೇ ಆಹುತಿಯಾಗುವುದು ಅಪರೂಪವಲ್ಲ. ಅದನ್ನು ಅಳೆಯದೆ ಗಾತ್ರ ಇಷ್ಟು ಶೇಕಡಾ ಇಳಿಸಿದೆವು ಎನ್ನುವುದು ಅರ್ಧ ಲೆಕ್ಕ; ಉಳಿದರ್ಧ ಯಾರ ಬ್ಯಾಟರಿಯಿಂದ, ಯಾವ ಟವರ್‌ನಿಂದ ಬಂತು ಎಂಬುದು ಅಲ್ಲಿ ಇರುವುದಿಲ್ಲ.

ದಕ್ಷತೆ ಅಳೆಯಲು, ಅಲೆ ಪ್ರತಿಫಲಿಸದಂತೆ ಕಟ್ಟಿದ ಕೋಟಿ ರೂಪಾಯಿಯ ಕೋಣೆ ಬೇಕಿಲ್ಲ. ಅದೇ ವೀಲರ್ 1959ರಲ್ಲೇ ಉಪಾಯ ಹೇಳಿದ್ದಾರೆ. ಆಂಟೆನಾದ ಮೇಲೆ ಆ ಕಾಣದ ಗೋಲದ ಅಳತೆಯ ಲೋಹದ ಡಬ್ಬಿಯೊಂದನ್ನು ಬೋರಲು ಹಾಕಿ, ಅಂಚು ನೆಲದ ತಾಮ್ರಕ್ಕೆ ಚೆನ್ನಾಗಿ ತಾಗುವಂತೆ ಒತ್ತಿ, ರಿಟರ್ನ್ ಲಾಸ್ ಅಳೆಯುವ ಅದೇ ನೆಟ್‌ವರ್ಕ್ ಅನಲೈಸರ್ ಯಂತ್ರದಲ್ಲಿ ಒಮ್ಮೆ ಅಳೆಯುವುದು. ಡಬ್ಬಿ ತೆಗೆದು ಇನ್ನೊಮ್ಮೆ ಅಳೆಯುವುದು. ಮುಚ್ಚಿದಾಗ ಕಾಣುವುದು ಸುಟ್ಟುಹೋದ ಪಾಲು, ತೆರೆದಾಗ ಕಾಣುವುದು ಸುಟ್ಟದ್ದೂ ಹೊರಟದ್ದೂ ಸೇರಿ. ಎರಡನ್ನೂ ಹೋಲಿಸಿದರೆ ದಕ್ಷತೆ ಕೈಗೆ ಬರುತ್ತದೆ. 2.4 ಗಿಗಾಹರ್ಟ್ಸ್‌ಗೆ ಗೋಲದ ತ್ರಿಜ್ಯ 2 ಸೆಂ.ಮೀ. ಮಾತ್ರ, ತೇಪೆ ಒಳಗೆ ಹಿಡಿಸುವಷ್ಟು ಸ್ವಲ್ಪ ದೊಡ್ಡ ಸ್ಟೀಲ್ ಡಬ್ಬಿ ಅಡುಗೆಮನೆಯಲ್ಲೇ ಸಿಗುತ್ತದೆ. ಕಲಬುರಗಿಯಲ್ಲೋ ಬೀದರಿನಲ್ಲೋ ಈ ವರ್ಷ ಪ್ರಾಜೆಕ್ಟಿಗೆ ಆಂಟೆನಾ ಕೊರೆಯುತ್ತಿರುವ ಹುಡುಗ ಹುಡುಗಿಯರು ಅದೊಂದು ಡಬ್ಬಿಯನ್ನು ಲ್ಯಾಬಿಗೆ ಒಯ್ಯಲಿ. ರಿಟರ್ನ್ ಲಾಸ್‌ನ ಪಕ್ಕದಲ್ಲಿ ದಕ್ಷತೆಯ ಅಂಕಿಯನ್ನೂ, ಆಂಟೆನಾವನ್ನು ಕೈಯಲ್ಲಿ ಹಿಡಿದಾಗ ಗೆರೆ ಎತ್ತ ಸರಿಯಿತು ಎಂಬುದನ್ನೂ ಬರೆಯಲಿ.